ಗೆರೆಯ ಮೇಲಿನ ಎಣ್ಣೆ

ಇಂಡಿ ಪಟ್ಟಣದ ನನ್ನ ಗ್ಯಾರೇಜು ಈಗ ಬೇರೆಯವರ ಕೈಯಲ್ಲಿದೆ. ನಾನು ಬೆಳಿಗ್ಗೆ ಹೋಗಿ, ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು, ಚಹಾ ಕುಡಿದು, ಯಾರದಾದರೂ ಇಂಜಿನ್ ಸದ್ದು ಕೇಳಿ ಮನಸ್ಸಿನಲ್ಲೇ ಬೈದು ವಾಪಸು ಬರುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನನ್ನು ನೋಡಿದರೆ ಸಾಕು, "ಕಾಕಾ, ನಿಮ್ಮ ಕೈಗುಣದ ಕತಿ ಹೇಳ್ರಿ" ಎಂದು ಗಂಟು ಬೀಳುತ್ತಾರೆ. ಅವರಿಗೆ ಬೇಕಾದದ್ದು ನಾನು ಮುಟ್ಟಿದ ಕೂಡಲೇ ಸತ್ತ ಇಂಜಿನ್ ಎದ್ದು ಕೂತ ಕತೆ. ಅದನ್ನು ಹೇಳಿ ಹೇಳಿ ನನಗೇ ವಾಕರಿಕೆ ಬಂದಿದೆ. ಇಲ್ಲಿ ಬರೆಯುತ್ತಿರುವುದು ಬೇರೆ ಕತೆ. ಇದನ್ನು ಓದಿದ ಮೇಲೂ ಯಾರಾದರೂ ಹೊಸ ಗಾಡಿ ತಂದು "ಕೈ ಹಚ್ಚ್ರಿ" ಎಂದರೆ ಅವರಿಗೆ ತಲೆ ಇಲ್ಲ ಎಂದೇ ಅರ್ಥ.

ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಮಸೂತಿಯವನು. ಮನೆತನದ ಕಸುಬು ಕುರಿ ಕಾಯುವುದು. ನನಗೆ ಕುರಿಗಿಂತ ಊರಿಗೆ ಬರುತ್ತಿದ್ದ ಟ್ರ್ಯಾಕ್ಟರಿನ ಮೇಲೆ ಹೆಚ್ಚು ಪ್ರೀತಿ. ನಮ್ಮಪ್ಪ ಬೇಸತ್ತು ಸಿಂದಗಿಯ ಒಬ್ಬ ಉಸ್ತಾದರ ಬಳಿ ಬಿಟ್ಟು ಬಂದ. ಉಸ್ತಾದರದು ಮಾತು ಕಡಿಮೆ, ಕೈ ಜಾಸ್ತಿ. ಅಲ್ಲಿ ನಾನು ಕಲಿತ ಮೊದಲ ಪಾಠ ಒಂದು ಕಪಾಳದ ಏಟಿನಿಂದ ಬಂತು.

ಒಬ್ಬರ ಡೀಸೆಲ್ ಪಂಪಿನ ಇಂಜಿನ್‌ಗೆ ಎಣ್ಣೆ ಹಾಕು ಎಂದಿದ್ದರು. ಇಂಜಿನ್‌ನಲ್ಲಿ ಒಂದು ಕಡ್ಡಿ ಇರುತ್ತದೆ, ಅದನ್ನು ಹೊರಗೆಳೆದು ನೋಡಿದರೆ ಎಣ್ಣೆ ಎಲ್ಲಿಯವರೆಗೆ ಇದೆ ಎಂದು ತಿಳಿಯುತ್ತದೆ. ಕಡ್ಡಿಯ ಮೇಲೆ ಗೆರೆ. ಹೆಚ್ಚು ಹಾಕಿದರೆ ಇಂಜಿನ್‌ಗೆ ಒಳ್ಳೆಯದಲ್ಲವೇ ಎಂಬುದು ನನ್ನ ಬುದ್ಧಿವಂತಿಕೆ. ಡಬ್ಬಿ ಪೂರಾ ಸುರುವಿದೆ. ಚಾಲೂ ಮಾಡಿದರೆ ಸೀಲ್ ಒಡೆದು ಎಣ್ಣೆಯೆಲ್ಲ ಹೊರಗೆ. ಉಸ್ತಾದರು ಕಪಾಳಕ್ಕೆ ಬಾರಿಸಿ, "ಎಣ್ಣಿ ಗೆರಿಗೆ ಇರಬೇಕು. ಮ್ಯಾಲಿದ್ರ ತಗಿ, ಕೆಳಗಿದ್ರ ಹಾಕು. ಗೆರಿ ಅಂದ್ರ ಗೆರಿ" ಎಂದರು. ಆ ಮಾತು ತಲೆಗಿಂತ ಕೈಯೊಳಗೆ ಹೆಚ್ಚು ಇಳಿಯಿತು. ಆಮೇಲೆ ಜೀವಮಾನವಿಡೀ ಗೆರೆಯ ಮೇಲೆ ಎಣ್ಣೆ ಕಂಡರೆ ನನ್ನ ಕೈ ಯಾರನ್ನೂ ಕೇಳದೆ ಸ್ಪ್ಯಾನರ್ ಹುಡುಕುತ್ತಿತ್ತು.

ಕೈಗುಣದ ಕತೆ ಶುರುವಾದದ್ದು ಮುದ್ದೇಬಿಹಾಳದಲ್ಲಿ. ಅಲ್ಲಿ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ತುಂಬಿದ ಲಾರಿಯೊಂದು ಕೆಟ್ಟು ನಿಂತಿತ್ತು. ದೊಡ್ಡ ದೊಡ್ಡ ಮೆಕ್ಯಾನಿಕ್‌ಗಳು ಬಂದು ನೋಡಿ ಕೈ ಚೆಲ್ಲಿದ್ದರು. ನಾನು ಬಾನೆಟ್ ಎತ್ತಲು ಹೋಗಿ ಬ್ಯಾಟರಿಯ ತಂತಿಯೊಂದಕ್ಕೆ ಮೊಣಕೈ ತಗುಲಿಸಿದೆ. ಡ್ರೈವರ್ ಕೀಲಿ ತಿರುಗಿಸಿದ, ಲಾರಿ ಗುಡುಗಿತು. ಸಡಿಲವಾದ ತಂತಿ, ಅಷ್ಟೇ. ಅಷ್ಟನ್ನು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಮಾಲರೆಲ್ಲ "ಏನ್ ಕೈಗುಣಪ್ಪಾ ಇಂವಂದು!" ಎಂದು ಬಾಯಿ ತೆರೆದು ನಿಂತಿದ್ದರು. ನಾನು ಮೀಸೆಯ ಕೆಳಗೆ ನಕ್ಕು ಸುಮ್ಮನಾದೆ.

ಅಲ್ಲಿಂದ ಹಿಡಿದು ಹೊಸ ಟ್ರ್ಯಾಕ್ಟರ್, ಹೊಸ ಪಂಪು, ಕೊನೆಗೆ ಹಿಟ್ಟಿನ ಗಿರಣಿಯ ಮೋಟರು ಕೂಡ ನಾನು ಮೊದಲು ಮುಟ್ಟದೆ ಚಾಲೂ ಆಗಬಾರದು ಎಂಬ ಪದ್ಧತಿ ಬಿತ್ತು. ಕಾಯಿ ಒಡೆಯುವುದು, ಎಣ್ಣೆಯ ಕಡ್ಡಿ ಎಳೆದು ಕಣ್ಣಿನ ಹತ್ತಿರ ಹಿಡಿಯುವುದು, "ಹ್ಞೂಂ, ಹೊಡಿ" ಎನ್ನುವುದು. ಮಾಲಕರಿಗೆ ಸಮಾಧಾನ, ನನಗೆ ಠೀವಿ. ಇಂಡಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ ಮೇಲಂತೂ ನಾನು ಕೆಲಸ ಮಾಡುವುದಕ್ಕಿಂತ ಕೈ ಹಚ್ಚುವುದೇ ಹೆಚ್ಚಾಯಿತು.

ಕೆಲಸದ ರೀತಿ ಬದಲಾದದ್ದನ್ನೂ ಒಂದಿಷ್ಟು ಹೇಳಬೇಕು. ಎಣ್ಣೆಯ ಫಿಲ್ಟರ್ ಎಂಬ ಡಬ್ಬಿಯನ್ನು ಕೆಲವು ಗಾಡಿಗಳಲ್ಲಿ ಎಂಥ ಮೂಲೆಯಲ್ಲಿ ಇಟ್ಟಿರುತ್ತಾರೆಂದರೆ, ಕೈ ಹಾಕಿದರೆ ಒಂದೋ ಸುಡುತ್ತದೆ, ಇಲ್ಲವೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಎಷ್ಟೋ ಗ್ಯಾರೇಜಿನವರು ಹಳೇ ಫಿಲ್ಟರನ್ನೇ ಡೀಸೆಲ್‌ನಲ್ಲಿ ಒರೆಸಿ ಹೊಸತೆಂದು ಹೇಳಿ ಕಳಿಸುತ್ತಿದ್ದರು. ನಾನೂ ಒರೆಸಿದ್ದೇನೆ. ಈಗ ಪೈಪು ಹಾಕಿ ಫಿಲ್ಟರನ್ನು ಇಂಜಿನ್ನಿಂದ ದೂರ, ಕಣ್ಣಿಗೆ ಕಾಣುವ ಜಾಗಕ್ಕೆ ತಂದು ಕೂಡಿಸುವ ಉಪಾಯ ಬಂದಿದೆ. ಅದನ್ನು ನನಗೆ ಮೊದಲು ತೋರಿಸಿದವಳು ರೇಣುಕಾ.

ರೇಣುಕಾ ಸಾಲೋಟಗಿಯ ಶಂಕರಗೌಡರ ಮಗಳು. ಗೌಡರದು ದೊಡ್ಡ ನಿಂಬೆ ತೋಟ. ಅವರ ಮನೆಯ ಗಾಡಿಗಳೆಲ್ಲ ನನ್ನ ಗ್ಯಾರೇಜಿಗೇ ಬರುತ್ತಿದ್ದವು. ಈ ಹುಡುಗಿ ನಿಂಬೆ ಹೇರಿದ ಟ್ರ್ಯಾಕ್ಟರನ್ನು ಸಂತೆಯ ಗದ್ದಲದಲ್ಲಿ ಹಿಂದಕ್ಕೆ ತಗೊಂಡು ನಿಲ್ಲಿಸುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಅವಳಿಗೆ ಮಣ್ಣಿನ ಟ್ರ್ಯಾಕಿನ ಕಾರ್ ರೇಸಿನ ಹುಚ್ಚು. ಮನೆಯ ಹಳೆಯ ಪೆಟ್ರೋಲ್ ಕಾರಿನ ಇಂಜಿನ್ ಬಿಚ್ಚಿ, ಬಲ ಹೆಚ್ಚಿಸಿ ಕಟ್ಟಿಕೊಡಿ ಎಂದು ಬಂದಳು. ಜೊತೆಗೆ ಗೌಡರೂ ಬಂದಿದ್ದರು.

"ಸಿದ್ರಾಮಣ್ಣ, ಇದರ ಹಟಕ್ಕ ನಾ ಸೋತೇನಿ" ಎಂದರು ಗೌಡರು. "ಒಂದ ರೇಸ್. ಗಾಡಿ ಹೆಂಗ ಹೋಗತೈತಿ ಹಂಗ ತಿರಿಗಿ ಬಂದ್ರ, ಮುಂದ ಆಡ್ಲಿ. ಇಂಜಿನ್ ಕೆಡಿಸ್ಕೊಂಡ ಬಂದ್ಳಂದ್ರ ಕೀಲಿ ನನ್ನ ಕಿಸೇಕ. ಗಾಡಿ ಮಾರತೇನಿ. ಆಮ್ಯಾಲ ರೇಸ್ ಅಂತ ಹೆಸರ ತಗೀಬಾರ್ದು. ಏನವಾ?"

"ಆತಪ್ಪಾ" ಎಂದಳು ರೇಣುಕಾ. ಮುಖ ಮಾತ್ರ ಬಿಳಿಚಿಕೊಂಡಿತ್ತು.

"ನೀ ಕೈ ಹಚ್ಚತಿ ಅಂತ ಒಪ್ಪೇನಿ ನೋಡು" ಎಂದು ಗೌಡರು ನನ್ನ ಹೆಗಲು ತಟ್ಟಿದರು. ನಾನು ಉಬ್ಬಿದೆ.

ಇಂಜಿನ್ ಕಟ್ಟುವಾಗ ಅವಳು ಒಂದು ಸಮಸ್ಯೆ ಮುಂದಿಟ್ಟಳು. ರೇಸಿನಲ್ಲಿ ಉದ್ದನೆಯ ತಿರುವಿನಲ್ಲಿ ಗಾಡಿ ಜೋರಾಗಿ ತಿರುಗಿದಾಗ, ಇಂಜಿನ್ ತಳದ ಎಣ್ಣೆಯೆಲ್ಲ ಒಂದು ಕಡೆಗೆ ಸರಿಯುತ್ತದೆ. ತಟ್ಟೆಯಲ್ಲಿ ಸಾರು ಹಿಡಿದು ಗಕ್ಕನೆ ತಿರುಗಿದ ಹಾಗೆ. ಆಗ ಪಂಪಿಗೆ ಎಣ್ಣೆ ಸಿಗದೆ ಗಾಳಿ ಎಳೆಯುತ್ತದೆ. ಕ್ಷಣಮಾತ್ರ ಎಣ್ಣೆ ಇಲ್ಲದಿದ್ದರೂ ಒಳಗಿನ ಬೇರಿಂಗ್ ಸುಟ್ಟು ಹೋಗುತ್ತವೆ. ಅದಕ್ಕೆ ಮದ್ದು ಆಯಿಲ್ ಅಕ್ಯುಮ್ಯುಲೇಟರ್ ಎಂಬ ಉದ್ದನೆಯ ನಳಿಗೆ. ಒಳಗೆ ಒಂದು ಪಿಸ್ಟನ್, ಅದರ ಒಂದು ಕಡೆ ಗಾಳಿ, ಇನ್ನೊಂದು ಕಡೆ ಎಣ್ಣೆ. ಇಂಜಿನ್ ಓಡುವಾಗ ಪಂಪು ಈ ನಳಿಗೆಗೂ ಎಣ್ಣೆ ತುಂಬುತ್ತದೆ. ತಿರುವಿನಲ್ಲಿ ಎಣ್ಣೆಯ ಒತ್ತಡ ಕಡಿಮೆಯಾದರೆ ಒಳಗಿನ ಗಾಳಿ ಆ ಎಣ್ಣೆಯನ್ನು ಇಂಜಿನ್‌ಗೆ ವಾಪಸು ದೂಡುತ್ತದೆ. ನಾವು ಅದಕ್ಕೆ ಎಣ್ಣಿ ಗಡಿಗಿ ಎಂದು ಹೆಸರಿಟ್ಟೆವು.

ಗಡಿಗೆಗೆ ಒಂದು ವಾಲ್ವ್. ಇಂಜಿನ್ ಬಂದ್ ಮಾಡುವ ಮೊದಲು ಅದನ್ನು ಮುಚ್ಚಿದರೆ ಎಣ್ಣೆ ಗಡಿಗೆಯಲ್ಲೇ ಉಳಿಯುತ್ತದೆ. ಮತ್ತೆ ಚಾಲೂ ಮಾಡುವ ಮುಂಚೆ ತೆರೆದರೆ, ಆ ಎಣ್ಣೆ ಬೇರಿಂಗುಗಳನ್ನೆಲ್ಲ ತೋಯಿಸಿ ತಳಕ್ಕೆ ಇಳಿಯುತ್ತದೆ. ಹಾಗೆ ಇಳಿದಾಗ ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೆರೆಯ ಎಷ್ಟೋ ಮೇಲೆ ಕಾಣುತ್ತದೆ. ಅದು ಹೆಚ್ಚಿನ ಎಣ್ಣೆಯಲ್ಲ, ಗಡಿಗೆಯ ಪಾಲು. ಚಾಲೂ ಆದ ಕೂಡಲೇ ಗಡಿಗೆ ಅದನ್ನು ಕೇಳಿ ಇಸಿದುಕೊಳ್ಳುತ್ತದೆ. ಇದನ್ನು ನಾನೇ ಕೂಡಿಸಿದೆ, ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿರಲಿಲ್ಲ ಎಂದಿದ್ದರೆ ಇವತ್ತು ಇಷ್ಟು ನಾಚಿಕೆ ಪಡಬೇಕಾಗಿರಲಿಲ್ಲ.

ನನ್ನ ಕೈಯನ್ನು ಕಣ್ಣು ಮುಚ್ಚಿ ನಂಬಬಾರದು ಎಂಬ ಸೂಚನೆಯೂ ಮೊದಲೇ ಸಿಕ್ಕಿತ್ತು. ದೂರದ ಫಿಲ್ಟರಿಗೆ ಎಣ್ಣೆ ಹೋಗುವ ಪೈಪು, ಬರುವ ಪೈಪು ಎಂದು ಎರಡು. ನಾನು ಅದಲು ಬದಲು ಜೋಡಿಸಿದೆ. ಫಿಲ್ಟರಿನ ಬಾಯಲ್ಲಿರುವ ರಬ್ಬರು ಹಿಂದಿನಿಂದ ಬರುವ ಎಣ್ಣೆಯನ್ನು ತಡೆಯುತ್ತದೆ, ಒಂದು ಹನಿ ಕೂಡ ಮುಂದೆ ಹೋಗುವುದಿಲ್ಲ. ರೇಣುಕಾ ಇಂಜಿನ್ ಹೊತ್ತಿಕೊಳ್ಳದ ಹಾಗೆ ಪ್ಲಗ್ ಬಿಚ್ಚಿ, ಬರೀ ಸ್ಟಾರ್ಟರ್ ತಿರುಗಿಸಿ, ಎಣ್ಣೆಯ ಮೀಟರ್ ನೋಡುತ್ತಿದ್ದಳು.

"ಕಾಕಾ, ಮುಳ್ಳು ಏಳವಲ್ದಲ್ರಿ."

"ಗಾಳಿ ಹಿಡಿದೈತಿ. ಇನ್ನಷ್ಟ ತಿರುಗ್ಸು."

ಅವಳು ತಿರುಗಿಸಲಿಲ್ಲ. ಇಳಿದು ಬಂದು ಪೈಪಿನ ಮೇಲೆ ಬೆರಳಿಟ್ಟು ಇಂಜಿನ್ನಿಂದ ಫಿಲ್ಟರಿನವರೆಗೆ ಸವರುತ್ತಾ ಹೋದಳು. ಅಲ್ಲಿ ಬೆರಳು ನಿಲ್ಲಿಸಿ ನನ್ನ ಮುಖ ನೋಡಿದಳು. "ಇಂಥಾವು ಆಗ್ತಾವ ಬಿಡವಾ" ಎಂದು ಬಿಚ್ಚಿ ಸರಿಯಾಗಿ ಜೋಡಿಸಿದೆ. ನೋಡಿದ್ದು ಒಳ್ಳೇದಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ.

ರೇಸು ಇಟ್ಟದ್ದು ಎಲ್ಲಿ ಅಂತೀರಿ? ನಮ್ಮ ಮಸೂತಿಯ ಹೊಲದಲ್ಲೇ! ಸುಗ್ಗಿ ಮುಗಿದು ಖಾಲಿ ಬಿದ್ದ ಎರೆ ಹೊಲವನ್ನು ಹದ ಮಾಡಿ, ಸುತ್ತು ಟ್ರ್ಯಾಕ್ ಮಾಡಿದ್ದರು. ನನ್ನ ಅಣ್ಣತಮ್ಮಂದಿರು, ಬೀಗರು, ಕುರಿ ಬಿಟ್ಟು ಬಂದ ದಾಯಾದಿಗಳು ಎಲ್ಲ ಅಲ್ಲಿ. ರೇಸಿನ ಹುಡುಗರು "ಊರಿನ ಹಿರಿಯ ಮೆಕ್ಯಾನಿಕ್" ಎಂದು ನನಗೆ ಶಾಲು ಹೊದಿಸುವ ಕಾರ್ಯಕ್ರಮವನ್ನೂ ಇಟ್ಟುಕೊಂಡಿದ್ದರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ.

ಗಾಡಿ ಸಾಲಿಗೆ ಬಂದು ನಿಂತಿತು. ರೇಣುಕಾ ವಾಲ್ವ್ ತೆರೆದು ನನಗೆ ಹೇಳಿದಳು: "ಕಾಕಾ, ಗಡಿಗಿ ವಾಲ್ ತಗದೇನಿ. ಡ್ರೈವರ್‌ಗಳನ್ನ ಕರಿಯಾಕತ್ತಾರ, ಹೋಗಿ ಬರ್ತೇನಿ. ಬಂದ ಕೂಡ್ಲೆ ಚಾಲೂ ಮಾಡೂದು. ಏನೂ ಮುಟ್ಟಬ್ಯಾಡ್ರಿ."

"ಹ್ಞೂಂ" ಎಂದೆ.

ಅವಳು ಆ ಕಡೆ ಹೋದಳು. ಈ ಕಡೆಯಿಂದ ಗೌಡರು ಕಾಯಿ, ಊದಿನಕಡ್ಡಿ ಹಿಡಿದು ಬಂದರು. "ಸಿದ್ರಾಮಣ್ಣ, ಕೈ ಹಚ್ಚಪಾ. ಮಂದಿ ನೋಡಾಕತ್ತೈತಿ." ನಿಜವಾಗಿಯೂ ಮಂದಿ ನೋಡುತ್ತಿತ್ತು. ಕಾಯಿ ಒಡೆದೆ. ಬಾನೆಟ್ ಎತ್ತಿ ಕಡ್ಡಿ ಎಳೆದು ಎಂದಿನ ಹಾಗೆ ಕಣ್ಣಿನ ಹತ್ತಿರ ಹಿಡಿದೆ. ಎಣ್ಣೆ ಗೆರೆಯ ಮೇಲಿತ್ತು.

ಅಲ್ಲಿಂದ ಮುಂದೆ ನಾನು ಯೋಚನೆ ಮಾಡಲಿಲ್ಲ. "ಎಣ್ಣಿ ಜಾಸ್ತಿ ಆಗೇತ್ರಿ ಗೌಡ್ರ, ನೋಡಿದ್ದು ಛಲೋ ಆತು" ಎಂದೆ. ಇಸ್ತ್ರಿ ಅಂಗಿಯಲ್ಲೇ ಗಾಡಿಯ ಕೆಳಗೆ ನುಗ್ಗಿದೆ. ತಳದ ಬೋಲ್ಟು ಸಡಿಲಿಸಿ, ಡಬ್ಬಿ ಹಿಡಿದು, ಎಣ್ಣೆ ಇಳಿಸಿ, ಗೆರೆಗೆ ಸರಿಯಾಗಿ ತಂದು ನಿಲ್ಲಿಸಿದೆ. ಜನ ಮೆಚ್ಚಿ ತಲೆಯಾಡಿಸಿದರು. ಡಬ್ಬಿಯನ್ನು ಬದುವಿನ ಬೇವಿನ ಗಿಡದ ಕೆಳಗೆ ಇಟ್ಟೆ. ರೇಣುಕಾ ಓಡಿ ಬಂದು ಹೆಲ್ಮೆಟ್ ಹಾಕಿಕೊಂಡು ಕೂತಳು. ಅವಳಿಗೆ ಹೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಏನು ಓಡಿಸಿದಳು ಅಂತೀರಿ! ಧೂಳಿನೊಳಗಿಂದ ಎಲ್ಲರಿಗಿಂತ ಮುಂದೆ ಅವಳದೇ ಗಾಡಿ ಹೊರಗೆ ಬಂತು. ಗೌಡರು ಟವೆಲ್ ಬೀಸಿ ಕುಣಿದರು. ಆಮೇಲೆ ಉದ್ದನೆಯ ತಿರುವಿನಲ್ಲಿ ಇಂಜಿನ್ನಿನ ದನಿ ಒಡೆಯಿತು. ಕಬ್ಬಿಣವನ್ನು ಕಬ್ಬಿಣ ಬಡಿಯುವ ಸದ್ದು. ರೇಣುಕಾ ಅದೇ ಗಳಿಗೆಯಲ್ಲಿ ಇಂಜಿನ್ ಬಂದ್ ಮಾಡಿ ಗಾಡಿಯನ್ನು ಹೊಲದ ಅಂಚಿಗೆ ಇಳಿಸಿದಳು. ಉಳಿದವರು ಅವಳನ್ನು ದಾಟಿ ಹೋದರು.

"ಹೆಣ್ಣಹುಡುಗಿ, ಅಂಜಿ ನಿಲ್ಲಿಸಿದ್ಳು" ಎಂದ ಒಬ್ಬ. "ಅಂಜಿಲ್ಲೋ, ಎಕ್ಸಿಲೇಟರ್ ಒತ್ತಿ ಒತ್ತಿ ಇಂಜಿನ್ ಸುಟ್ಟಾಳ" ಎಂದ ಇನ್ನೊಬ್ಬ. ಜನ ನಕ್ಕರು.

ನನ್ನ ಕಣ್ಣು ಬೇವಿನ ಗಿಡದ ಕೆಳಗಿನ ಡಬ್ಬಿಯ ಮೇಲೆ ಬಿತ್ತು. ಗಡಿಗೆಯ ಪಾಲಿನ ಎಣ್ಣೆ ಆ ಡಬ್ಬಿಯಲ್ಲಿತ್ತು. ಗಡಿಗೆ ತನ್ನ ಪಾಲು ಎಂದು ಇಂಜಿನ್ನಿನ ಎಣ್ಣೆಯನ್ನೇ ತುಂಬಿಕೊಂಡಿತ್ತು. ತಳ ಬರಿದಾಗಿತ್ತು.

ನಾನು ಓಡಿದೆ. ಗೌಡರು ಆಗಲೇ ಮಗಳ ಕೈಯಿಂದ ಕೀಲಿ ಕಸಿದುಕೊಂಡು ಕಿಸೆಗೆ ಹಾಕಿದ್ದರು. "ಮುಗೀತು. ಮಾತ ಅಂದ್ರ ಮಾತ" ಎನ್ನುತ್ತಿದ್ದರು. ನಾನು ಏದುಸಿರು ಬಿಡುತ್ತಾ ಎಲ್ಲರೆದುರಿಗೆ ಹೇಳಿದೆ: "ಗೌಡ್ರ, ಆಕಿದ ತಪ್ಪಲ್ರಿ. ತಪ್ಪು ನಂದು. ತಗೀಬಾರದ ಎಣ್ಣಿ ತಗದು ನಾನ ಇಂಜಿನ್ ಕೆಡಿಸಿದೆ."

ಗೌಡರು ನನ್ನನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ನನ್ನ ಎರಡೂ ಕೈ ಹಿಡಿದುಕೊಂಡು, "ಎಂಥಾ ಮನಸ್ಸೋ ಮಾರಾಯಾ ನಿಂದು! ಹುಡುಗಿ ಮಾನ ಉಳಿಸಾಕ ನಿನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತೀ?" ಎಂದರು.

"ಇಲ್ರಿ, ಖರೇನ ಹೇಳಾಕತ್ತೇನಿ..."

"ಸುಮ್ಮಿರು. ಎಲ್ಲಾರೂ ಕಣ್ಣಾರೆ ನೋಡೇವಿ. ಜಾಸ್ತಿ ಎಣ್ಣಿ ತಗದು ಸರಿ ಮಾಡಿದಾಂವ ನೀನು."

ಮಂದಿ ಹೌದು ಹೌದು ಎಂದಿತು. ನಾನು ಮತ್ತೊಮ್ಮೆ ಹೇಳಿದೆ. ಹೇಳಿದಷ್ಟೂ ನಾನು ದೊಡ್ಡವನಾದೆ, ರೇಣುಕಾ ಸಣ್ಣವಳಾದಳು. ಕೊನೆಗೆ ರೇಸಿನ ಹುಡುಗರು ನನ್ನನ್ನು ಕೈಹಿಡಿದು ವೇದಿಕೆಗೆ ಎಳೆದೊಯ್ದರು. ಒಬ್ಬ ಮೈಕ್‌ನಲ್ಲಿ, "ಬೇರೆಯವರ ತಪ್ಪನ್ನೂ ತಮ್ಮ ಮೇಲೆ ಹಾಕಿಕೊಳ್ಳುವ ದೊಡ್ಡ ಗುಣ" ಎಂದು ಏನೇನೋ ಒದರಿದ. ಹೆಗಲ ಮೇಲೆ ಶಾಲು ಬಿತ್ತು. ಅದನ್ನು ಕಿತ್ತೆಸೆದು ಮೈಕ್ ಕಸಿದುಕೊಳ್ಳಬೇಕಿತ್ತು. ನಮ್ಮವರೆಲ್ಲ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಕೈ ಮುಗಿದೆ. ಥೂ ನನ್ನ ಜನ್ಮಕ್ಕೆ.

ಇಳಿದು ಬಂದಾಗ ರೇಣುಕಾ ಗಾಡಿಗೆ ಒರಗಿ ನಿಂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಕಾಕಾ, ಗಡಿಗಿ ಕೂಡಿಸಿದಾವ್ರು ನೀವ ಅಲ್ರಿ?" ಎಂದಳು. ಅಷ್ಟೇ ಕೇಳಿದ್ದು. ಹೆಗಲ ಮೇಲಿನ ಶಾಲು ಆಗ ಚೇಳು ಕುಟುಕಿದ ಹಾಗೆ ಉರಿಯಿತು.

ಆಮೇಲೆ ಸಾಲೋಟಗಿಗೆ ಎಷ್ಟು ಸಲ ಹೋದೆನೋ. ಹೋದಾಗೊಮ್ಮೆ ಗೌಡರು ನನ್ನ ಕೈಗೆ ಚಹಾ ಕೊಟ್ಟು, ಬಂದ ಬೀಗರ ಮುಂದೆ, "ನೋಡ್ರಿ, ಇನ್ನೂ ತನ್ನದ ತಪ್ಪ ಅಂತಾನ!" ಎಂದು ನನ್ನನ್ನೇ ತೋರಿಸಿ ಕೊಂಡಾಡುತ್ತಿದ್ದರು. ರೇಣುಕಾ ಗಡಿಗೆಯ ವಿಚಾರ ತೆಗೆದರೆ, "ಹಿರೇರ ಮ್ಯಾಲ ಹಾಕಬ್ಯಾಡ" ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದರು. ನಿಜ ಹೇಳಿದರೂ ಸುಳ್ಳು ಬದುಕುವುದನ್ನು ನಾನು ಆ ದಿನಗಳಲ್ಲಿ ನೋಡಿದೆ.

ಕೆಟ್ಟ ಇಂಜಿನ್ನನ್ನು ನಾನೇ ಬಿಚ್ಚಿ ಕಟ್ಟಿದೆ. ರೇಣುಕಾ ತಕ್ಷಣ ಬಂದ್ ಮಾಡಿದ್ದರಿಂದ ಬೇರಿಂಗ್ ಮಾತ್ರ ಹೋಗಿದ್ದವು, ಉಳಿದದ್ದೆಲ್ಲ ಗಟ್ಟಿ ಇತ್ತು. ಅಂಜಿ ನಿಲ್ಲಿಸಿದಳು ಎಂದವರಿಗೆ ಅದನ್ನು ತೋರಿಸೋಣವೆಂದರೆ ಅವರಾರೂ ಗ್ಯಾರೇಜಿಗೆ ಬರುವವರಲ್ಲ. ಗಾಡಿ ತಯಾರಾದ ದಿನ ಗೌಡರು ಮಗಳನ್ನು ಕರೆದುಕೊಂಡು ಬಂದರು. ಸಿಂದಗಿಯವರೊಬ್ಬರು ಗಾಡಿ ಕೊಳ್ಳಲು ಒಪ್ಪಿದ್ದರು. ಅವರೂ ಜೊತೆಗಿದ್ದರು.

"ಮಾರೂ ಮುಂಚೆ ಒಂದ ಸಲ ಕೈ ಹಚ್ಚು ಸಿದ್ರಾಮಣ್ಣ" ಎಂದರು ಗೌಡರು.

ರೇಣುಕಾ ಹೋಗಿ ಗಡಿಗೆಯ ವಾಲ್ವ್ ತೆರೆದಳು. ನಾನು ಬಾನೆಟ್ಟಿನ ಮುಂದೆ ನಿಂತೆ. ನನ್ನ ಕೈ ಕಡ್ಡಿಯ ಕಡೆಗೆ ಹೋಯಿತು. ಅಷ್ಟೆಲ್ಲ ಆದ ಮೇಲೂ ಹೋಯಿತು ನೋಡಿ!

"ಕಾಕಾ." ಅವಳ ದನಿ ಗ್ಯಾರೇಜಿನ ತುಂಬ ಕೇಳಿಸಿತು. "ಮುಟ್ಟಬ್ಯಾಡ್ರಿ. ಕೈ ಹಿಂದಕ್ಕ ಕಟ್ಕೋರಿ."

ಕೆಲಸದ ಹುಡುಗರೆಲ್ಲ ಸ್ಪ್ಯಾನರು ಹಿಡಿದೇ ಇತ್ತ ತಿರುಗಿದರು. ನಿಜ ಹೇಳುತ್ತೇನೆ, ಆಗ ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಗ್ಯಾರೇಜಿನಲ್ಲಿ, ನನ್ನ ಮಂದಿಯ ಮುಂದೆ, ನಿನ್ನೆ ಮೊನ್ನೆಯ ಹುಡುಗಿ ನನಗೆ ಹೇಳುವುದೇ?

"ಏ ರೇಣುಕಾ! ಹಿರೇರಿಗೆ ಹಂಗ ಅಂತಾರೇನು?" ಗೌಡರು ಗದರಿದರು.

"ಅನಲಿ ಬಿಡ್ರಿ ಗೌಡ್ರ. ಸರೀನ ಅಂದಾಳ" ಎಂದೆ. ಎರಡು ಹೆಜ್ಜೆ ಹಿಂದೆ ಸರಿದು, ಶಾಲೆಯಲ್ಲಿ ಮಾಸ್ತರು ನಿಲ್ಲಿಸಿದವನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಂತೆ.

ಅವಳು ಕಡ್ಡಿ ಎಳೆದು ಅಪ್ಪನ ಮುಂದೆ ಹಿಡಿದಳು. "ಎಣ್ಣಿ ಎಲ್ಲೈತಿ ಹೇಳಪ್ಪಾ."

"ಗೆರಿ ಮ್ಯಾಲ ಐತಿ. ಜಾಸ್ತಿ ಆಗೇತಿ. ತಗೀಬೇಕು."

"ತಗಿಯೂದಿಲ್ಲ. ನಿಂದ್ರು." ಗ್ಯಾರೇಜಿನಲ್ಲಿದ್ದ ಜೋಡಿ ಕೀಲಿಯಿಂದ ಇಂಜಿನ್ ಚಾಲೂ ಮಾಡಿದಳು. ತುಸು ಹೊತ್ತು ಬಿಟ್ಟು, ವಾಲ್ವ್ ಮುಚ್ಚಿ, ಬಂದ್ ಮಾಡಿದಳು. ಎಣ್ಣೆ ಇಳಿಯಲು ಕಾದು, ಕಡ್ಡಿ ಒರೆಸಿ, ಮತ್ತೆ ಅದ್ದಿ ಎಳೆದಳು. "ಈಗ?"

ಗೌಡರು ಬಗ್ಗಿ ನೋಡಿದರು. "ಗೆರಿಗೆ ಬಂತಲ್ಲಾ! ಜಾಸ್ತಿ ಇದ್ದಿದ್ದು ಎಲ್ಲಿ ಹೋತು?"

ರೇಣುಕಾ ಗಡಿಗೆಯ ಮೇಲೆ ಕೈಯಿಟ್ಟಳು. ಗೌಡರು ಗಡಿಗೆ ನೋಡಿದರು, ಕಡ್ಡಿ ನೋಡಿದರು, ಆಮೇಲೆ ಹಿಂದೆ ಕಟ್ಟಿದ ನನ್ನ ಕೈ ನೋಡಿದರು. ಅವರ ಮುಖ ನಿಧಾನವಾಗಿ ಬದಲಾಯಿತು.

"ಹಂಗಾರ ಅವತ್ತ... ಇದರ ಪಾಲಿನ ಎಣ್ಣಿ ತಗದಾಂವ ನೀನ ಏನೋ?"

"ನಾನ ರೀ."

"ಆಕಿ ಮುಟ್ಟಬ್ಯಾಡಂತ ಹೇಳಿರಲಿಲ್ಲೇನು?"

"ಹೇಳಿದ್ಳರಿ."

ಗೌಡರು ನನ್ನ ಹೆಗಲು ತಟ್ಟಲಿಲ್ಲ. ದೊಡ್ಡ ಮನಸ್ಸು ಎನ್ನಲಿಲ್ಲ. ಇಷ್ಟು ದಿನ ನಾನು ಬೇಡಿದ್ದು ಇದೇ ಮುಖ. ಬಂದಾಗ ಅದನ್ನು ನೋಡಲು ನನ್ನಿಂದ ಆಗಲಿಲ್ಲ, ತಲೆ ಕೆಳಗೆ ಹಾಕಿದೆ. ಅವರು ಸಿಂದಗಿಯವರ ಕಡೆ ತಿರುಗಿ, "ಗಾಡಿ ಮಾರೂದಿಲ್ರಿ, ತಪ್ಪ ತಿಳಕೋಬ್ಯಾಡ್ರಿ" ಎಂದರು. ಕಿಸೆಗೆ ಕೈ ಹಾಕಿ ರೇಸಿನ ದಿನ ಅವಳಿಂದ ಕಸಿದು ಇಟ್ಟುಕೊಂಡಿದ್ದ ಕೀಲಿ ತೆಗೆದು ಮಗಳ ಕೈಯಲ್ಲಿಟ್ಟರು. ತಾವು ಪಕ್ಕದ ಸೀಟಿನಲ್ಲಿ ಕೂತರು. "ನಡಿಯವಾ. ನೀ ಹೆಂಗ ಹೊಡಿತಿ ನೋಡೂನು" ಎಂದರು.

ರೇಣುಕಾ ವಾಲ್ವ್ ತೆರೆದಳು, ಬಾನೆಟ್ ಮುಚ್ಚಿದಳು. ಒಳಗೆ ಕೂಡುವ ಮೊದಲು ನನ್ನ ಕಡೆ ತಿರುಗಿ, "ಬರ್ತೇನ್ರಿ ಕಾಕಾ" ಎಂದಳು, ಎಂದಿನ ಹಾಗೆಯೇ. ಗಾಡಿ ಸಾಲೋಟಗಿ ರಸ್ತೆಗೆ ಹೊರಳಿತು. ತಿರುವಿನಲ್ಲೂ ಇಂಜಿನ್ನಿನ ದನಿ ಒಂದಿಷ್ಟೂ ಒಡೆಯಲಿಲ್ಲ. ಸದ್ದು ಪೂರಾ ನಿಂತ ಮೇಲೆ ಯಾರೋ ನನಗೆ ಚಹಾ ತಂದು ಮುಂದೆ ಹಿಡಿದರು. ತಗೊಳ್ಳಲು ಹೋದಾಗ ಗೊತ್ತಾಯಿತು, ನನ್ನ ಕೈಗಳು ಇನ್ನೂ ಹಿಂದೆಯೇ ಇದ್ದವು.